ಹೃದಯಾರೋಗ್ಯವೂ ಗ್ರಾಮಜೀವನವೂ



ಶ್ರೀಮಠದ ಮಹೋತ್ಸವದಂಥ ಪವಿತ್ರವಾದ ಸಂದರ್ಭದಲ್ಲಿ ಶರೀರದ ಒಂದು ಅವಯವವನ್ನು ಕುರಿತು ಉಪನ್ಯಾಸವೇತಕ್ಕೆ ಎಂಬ ಶಂಕೆಯು ಕೆಲವರ ಮನಸ್ಸಿನಲ್ಲಿ ಏಳಬಹುದು. ಕಾಯಕಕ್ಕೆ ಕಾಯವು ಬೇಕೆಂಬದೇ ಈ ಶಂಕೆಗೆ ಉತ್ತರವು. ದುಡಿಯುವ ಕೈಗೂ ನಡೆಯುವ ಕಾಲಿಗೂ ಬಲವನ್ನು ಊಡುವದು ಎದೆಯೊಳಗಿನ ಮುಷ್ಟಿಗಾತ್ರದ ಒಂದು ಅವಯವ. ಅದು ಅಕಾಲದಲ್ಲಿ ನಿಂತಿತೆಂದರೆ ನಿಲ್ಲುವದು ಒಬ್ಬನ ಉಸಿರು ಮಾತ್ರವಲ್ಲ. ನಲವತ್ತೈದು ಐವತ್ತು ವರ್ಷದ ಗೃಹಸ್ಥನು ಹೊಲದ ಬದುವಿನ ಮೇಲೆ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳದೆ ಹೋದನೆಂದರೆ, ಆ ಮನೆಯ ಎತ್ತುಗಳು ಸಂತೆಗೆ ಹೋಗುತ್ತವೆ. ಹೊಲವು ಲಾವಣಿಗೆ ಹೋಗುತ್ತದೆ. ಹಿರಿಯ ಮಗನು ಶಾಲೆಯನ್ನು ಬಿಡುತ್ತಾನೆ. ಸಾಲದ ಭಾರವು ವಿಧವೆಯ ತಲೆಯ ಮೇಲೆ ಬೀಳುತ್ತದೆ. ಊರಿನ ಜನರಾದರೋ "ಅವನ ಅನ್ನದ ಋಣ ತೀರಿತು" ಎಂದು ನಿಟ್ಟುಸಿರುಬಿಟ್ಟು ಮಣ್ಣು ಕೊಟ್ಟು ಬರುತ್ತಾರೆ.

ನಿಜವಾಗಿಯೂ ಅವನ ಋಣವು ತೀರಿತ್ತೇ? ಅಥವಾ ಇನ್ನೂ ಇಪ್ಪತ್ತು ವರ್ಷ ಉಣ್ಣಬೇಕಾಗಿದ್ದ ಅನ್ನವನ್ನು ಊರಿನ ರೂಢಿಗಳೇ ಅವನ ಬಾಯಿಂದ ಕಸಿದುಕೊಂಡವೇ? ಈ ಪ್ರಶ್ನೆಯೇ ಈ ಉಪನ್ಯಾಸದ ವಿಷಯವಾಗಿದೆ.

ಮೊದಲು ಹೃದಯದ ಕಾರ್ಯವನ್ನು ಸ್ವಲ್ಪದರಲ್ಲಿ ತಿಳಿಯಬೇಕು. ಸಭಿಕರು ಕ್ಷಣಕಾಲ ತಮ್ಮ ಬಲಗೈಯನ್ನು ಎಡ ಮಣಿಕಟ್ಟಿನ ಮೇಲಿಟ್ಟು ನಾಡಿಯನ್ನು ನೋಡಲಿ. ನಿಮಿಷಕ್ಕೆ ಸುಮಾರು 70 ಸಲ ಅದು ಬಡಿಯುತ್ತದೆ. ಒಂದು ಹಗಲು ಒಂದು ರಾತ್ರಿಯಲ್ಲಿ ಬಡಿತಗಳ ಎಣಿಕೆ ಲಕ್ಷದ ಸಮೀಪಕ್ಕೆ ಬರುತ್ತದೆ. ವಿಶ್ರಾಂತಿಯಲ್ಲಿರುವ ಮನುಷ್ಯನ ಹೃದಯವು ಕೂಡ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ದೂಡುತ್ತದೆ; ದಿನಕ್ಕೆ ಅದು 7,000 ಲೀಟರ್ ಆಗುವದು. ರೈತನಾದವನು ಏತವನ್ನೂ ಕಪಿಲೆಯನ್ನೂ ಬಲ್ಲನು. ಎತ್ತುಗಳಿಗೆ ಮಧ್ಯಾಹ್ನದ ಬಿಡುವುಂಟು. ಈ ಕಪಿಲೆಗೆ ಹುಟ್ಟಿದಂದಿನಿಂದ ಸಾಯುವವರೆಗೆ ಬಿಡುವೆಂಬದಿಲ್ಲ. ರಕ್ತವು ಹೃದಯದಿಂದ ಹೊರಟು ದೇಹವನ್ನೆಲ್ಲ ಸುತ್ತಿ ಮತ್ತೆ ಹೃದಯಕ್ಕೇ ಬರುವದೆಂಬ ಸಂಗತಿಯನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ ಎಂಬ ವೈದ್ಯನು 1628ರಲ್ಲಿ ಪ್ರಮಾಣಪೂರ್ವಕವಾಗಿ ಪ್ರಕಟಿಸಿದನು.

ಊರಿಗೆಲ್ಲ ನೀರುಣಿಸುವ ಬಾವಿಯ ಎತ್ತಿಗೂ ನೀರು ಬೇಕಾಗುವಂತೆ, ದೇಹಕ್ಕೆಲ್ಲ ರಕ್ತವನ್ನು ಹಂಚುವ ಹೃದಯಕ್ಕೂ ತನ್ನದೇ ಆದ ರಕ್ತವು ಬೇಕು. ಅದನ್ನು ತರುವ ಧಮನಿಗಳು ಹೃದಯವನ್ನು ಕಿರೀಟದಂತೆ ಸುತ್ತಿಕೊಂಡಿರುವದರಿಂದ ಅವುಗಳಿಗೆ ಕಿರೀಟಧಮನಿಗಳೆಂದು ಹೆಸರು. ಇವು ಬಹಳ ಸಪೂರಾದವುಗಳು. ವರ್ಷಾನುವರ್ಷ ಕಾಲುವೆಯ ಒಳಮೈಗೆ ಹೂಳು ಹತ್ತುವಂತೆ ಇವುಗಳ ಒಳಮೈಗೆ ಜಿಡ್ಡು ಹತ್ತುತ್ತದೆ. ಆ ಜಿಡ್ಡಿನಲ್ಲಿ ಮುಖ್ಯವಾದದ್ದು ಕೊಲೆಸ್ಟರಾಲ್ ಎಂಬ ದ್ರವ್ಯ. ಒಂದು ದಿನ ಆ ಜಿಡ್ಡಿನ ಪದರು ಒಡೆದು, ಅದರ ಮೇಲೆ ರಕ್ತವು ಹೆಪ್ಪುಗಟ್ಟಿ, ಧಮನಿಯು ಪೂರ್ಣವಾಗಿ ಮುಚ್ಚಿಕೊಳ್ಳುತ್ತದೆ. ಅದರ ಆಚೆಗಿರುವ ಹೃದಯದ ಮಾಂಸವು ರಕ್ತವಿಲ್ಲದೆ ಗಳಿಗೆ ಗಳಿಗೆಗೆ ಸಾಯತೊಡಗುತ್ತದೆ. ಇದಕ್ಕೇ ಹೃದಯಾಘಾತವೆನ್ನುವರು. ಇದೇ ತೆರನಾದ ತಡೆಯು ಮಿದುಳಿನ ಧಮನಿಯಲ್ಲಿ ಉಂಟಾದರೆ ಅಥವಾ ಆ ಧಮನಿಯು ಒಡೆದರೆ ಲಕ್ವವು ಹೊಡೆಯುತ್ತದೆ.

ಈ ಹೂಳನ್ನು ಹೆಚ್ಚಿಸುವ ಕಾರಣಗಳು ಗುಪ್ತವಾದವುಗಳಲ್ಲ. ತಂಬಾಕು, ಏರಿದ ರಕ್ತದ ಒತ್ತಡ, ರಕ್ತದಲ್ಲಿಯ ಹೆಚ್ಚಿನ ಕೊಲೆಸ್ಟರಾಲ್, ಮಧುಮೇಹ, ಮೈಗಳ್ಳತನ, ಅತಿಯಾದ ಬೊಜ್ಜು ಇವು ಮುಖ್ಯವಾದವು. ಇವುಗಳಲ್ಲಿ ರಕ್ತದ ಒತ್ತಡವು ವಿಶೇಷವಾಗಿ ಕಪಟಿಯಾದದ್ದು. ಜ್ವರವು ಬಂದರೆ ಮೈ ಸುಡುತ್ತದೆ, ಹುಣ್ಣಾದರೆ ನೋಯುತ್ತದೆ. ರಕ್ತದ ಒತ್ತಡವು ಏರಿದರೆ ಸಾಮಾನ್ಯವಾಗಿ ಏನೂ ಆಗುವದಿಲ್ಲ. ಹತ್ತು ವರ್ಷ ಅದು ಮನೆಯೊಳಗೆ ಅಡಗಿ ಕುಳಿತ ಕಳ್ಳನಂತೆ ಸದ್ದಿಲ್ಲದೆ ಇದ್ದು ಒಂದು ರಾತ್ರಿ ಕೈಹಾಕುತ್ತದೆ. ಅದನ್ನು ಅಳೆದಲ್ಲದೆ ಅರಿಯಲು ಬಾರದು. ಅಳೆಯುವದಕ್ಕೆ ತೋಳಿಗೆ ಕಟ್ಟುವ ಪಟ್ಟಿಯ ಉಪಕರಣವನ್ನು ಇಟಲಿಯ ರೀವಾ-ರೋಚ್ಚಿಯು 1896ರಲ್ಲಿ ರೂಪಿಸಿದನು. ಕಿವಿಗೊಟ್ಟು ಕೇಳಿ ಮೇಲಿನ ಮತ್ತು ಕೆಳಗಿನ ಎರಡೂ ಅಂಕೆಗಳನ್ನು ತಿಳಿಯುವ ಕ್ರಮವನ್ನು ರಷ್ಯಾದ ಕೊರೊಟ್ಕಾಫನು 1905ರಲ್ಲಿ ತೋರಿಸಿದನು. ಮೇಲಿನ ಅಂಕೆಯು 140ನ್ನಾಗಲಿ ಕೆಳಗಿನದು 90ನ್ನಾಗಲಿ ಮುಟ್ಟಿ ಅಲ್ಲಿಯೇ ನಿಂತಿದ್ದರೆ ಅದನ್ನು ರೋಗವೆಂದು ವೈದ್ಯರು ಎಣಿಸುತ್ತಾರೆ.

ಹೃದಯದ ಬೇನೆಯು ಪಟ್ಟಣದವರದು, ಗಾದಿಯ ಮೇಲೆ ಕುಳಿತು ಉಣ್ಣುವ ಸಾಹುಕಾರರದು, ಹೊಲದಲ್ಲಿ ದುಡಿಯುವವನಿಗೆ ಅದರ ಭಯವಿಲ್ಲ ಎಂಬ ನಂಬಿಕೆಯು ಹಳ್ಳಿಗಳಲ್ಲಿ ಬಲವಾಗಿ ಬೇರೂರಿದೆ. ಈ ನಂಬಿಕೆಯನ್ನು ಪರೀಕ್ಷಿಸುವದಕ್ಕಾಗಿ ಬಹುದೂರದ ಒಂದು ನಾಡಿನ ಕಥೆಯನ್ನು ಇಲ್ಲಿ ವಿಸ್ತಾರವಾಗಿ ಹೇಳುವದು ಉಚಿತವಾಗಿದೆ. ಏಕೆಂದರೆ, ಹಳ್ಳಿಗರೇ ಹೃದಯರೋಗದಿಂದ ಹೆಚ್ಚಾಗಿ ಸತ್ತ ನಾಡು ಅದು. ಹಳ್ಳಿಗರೇ ಅದನ್ನು ಹಿಮ್ಮೆಟ್ಟಿಸಿದ ನಾಡೂ ಅದೇ.

ಯೂರೋಪ ಖಂಡದ ಉತ್ತರದಲ್ಲಿ ಫಿನ್‌ಲೆಂಡ್ ಎಂಬ ದೇಶವಿದೆ. ಅದರ ಪೂರ್ವದ ಅಂಚಿಗೆ, ರಷ್ಯಾದ ಗಡಿಗೆ ಹತ್ತಿ, ಉತ್ತರ ಕರೇಲಿಯಾ ಎಂಬ ಪ್ರಾಂತವಿದೆ. ಎಲ್ಲಿ ನೋಡಿದರೂ ಕಾಡು, ಸರೋವರಗಳು, ನಡುನಡುವೆ ಸಣ್ಣ ಸಣ್ಣ ಹಳ್ಳಿಗಳು. 1970ರ ಸುಮಾರಿಗೆ ಅಲ್ಲಿ 1,80,000ದಷ್ಟು ಜನರಿದ್ದರು. ಮರ ಕಡಿಯುವದು, ಹೈನುಗಾರಿಕೆ ಮಾಡುವದು, ಚಿಕ್ಕ ಹೊಲಗಳನ್ನು ಉಳುವದು ಇವೇ ಅವರ ಕಸಬುಗಳು. ದೇಹಶ್ರಮದಲ್ಲಿ ಅವರು ಯಾರಿಗೂ ಕಡಿಮೆಯಾದವರಲ್ಲ. ಎರಡನೆಯ ಮಹಾಯುದ್ಧವು ಮುಗಿದ ತರುವಾಯ, ರಣರಂಗದಿಂದ ಮರಳಿದ ಸಿಪಾಯಿಗಳಿಗೂ ಕಳೆದುಹೋದ ಭಾಗದಿಂದ ನಿರಾಶ್ರಿತರಾಗಿ ಬಂದವರಿಗೂ ಸರ್ಕಾರವು ಭೂಮಿಯನ್ನು ಹಂಚಿತು. ಕಾಡು ಕಡಿದು ಹೊಲ ಮಾಡಿ, ಹಸು ಕಟ್ಟಿ, ಬಡತನದಿಂದ ಅವರು ಮೇಲಕ್ಕೆ ಬಂದರು. ಹಿಂದೆ ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಬೆಣ್ಣೆಯೂ ಕೊಬ್ಬಿನ ಮಾಂಸವೂ ಈಗ ದಿನದ ಊಟವಾದವು. ರೊಟ್ಟಿಯ ಮೇಲೆ ದಪ್ಪವಾಗಿ ಬೆಣ್ಣೆ, ಕೆನೆಭರಿತವಾದ ಹಾಲು, ಕೆಡದಿರಲೆಂದು ವಿಪುಲವಾಗಿ ಉಪ್ಪು ಹಾಕಿದ ಪದಾರ್ಥಗಳು ಇವುಗಳಿಂದ ಅವರ ತಾಟು ತುಂಬಿತು. ಸೊಪ್ಪು ತರಕಾರಿಗಳನ್ನು ದನದ ಮೇವೆಂದು ಗಂಡಸರು ಹಾಸ್ಯ ಮಾಡುತ್ತಿದ್ದರು. ಗಂಡಸರಲ್ಲಿ ಅರ್ಧಕ್ಕೂ ಮಿಕ್ಕಿದವರು ಸಿಗರೇಟು ಸೇದುತ್ತಿದ್ದರು.

ಅಮೆರಿಕದ ಆನ್ಸೆಲ್ ಕೀಸ್ ಎಂಬ ಪಂಡಿತನು ತನ್ನ ಸಹೋದ್ಯೋಗಿಗಳೊಡನೆ 1958ರಿಂದ ಏಳು ದೇಶಗಳ ಗಂಡಸರ ಆಹಾರವನ್ನೂ ಹೃದಯವನ್ನೂ ಹೋಲಿಸಿ ನೋಡತೊಡಗಿದನು. ಆ ಏಳೂ ದೇಶಗಳಲ್ಲಿ ಹೃದಯರೋಗವು ಅತ್ಯಧಿಕವಾಗಿ ಕಂಡದ್ದು ಪೂರ್ವ ಫಿನ್‌ಲೆಂಡಿನಲ್ಲಿಯೇ. ಕೊಡಲಿ ಹಿಡಿದು ಹಿಮದಲ್ಲಿ ದುಡಿಯುವ, ಕಲ್ಲಿನಂಥ ಮೈಕಟ್ಟಿನ ಗಂಡಸರು ನಲವತ್ತು ಐವತ್ತರ ಪ್ರಾಯದಲ್ಲಿ ಕುಸಿದುಬೀಳುತ್ತಿದ್ದರು. 1970ರ ಹೊತ್ತಿಗೆ ಉತ್ತರ ಕರೇಲಿಯಾದಲ್ಲಿ 35ರಿಂದ 64 ವಯಸ್ಸಿನ ಲಕ್ಷ ಗಂಡಸರಲ್ಲಿ ವರ್ಷಕ್ಕೆ ಸುಮಾರು 670 ಜನರು ಕಿರೀಟಧಮನಿಯ ರೋಗದಿಂದಲೇ ಸಾಯುತ್ತಿದ್ದರು. ಹೀಗೆ ಶ್ರಮವೊಂದೇ ಹೃದಯಕ್ಕೆ ಕವಚವಾಗಲಾರದೆಂಬದು ಆ ನಾಡಿನಲ್ಲಿ ಪ್ರತ್ಯಕ್ಷವಾಗಿ ಸಿದ್ಧವಾಯಿತು.

ಇಷ್ಟು ಮರಣಗಳನ್ನು ಕಂಡ ಆ ಜನರು ಬಹುಕಾಲ ಸುಮ್ಮನಿದ್ದರು. ಕೊನೆಗೆ ಸುಮ್ಮನಿರಲಾರದೆ ಹೋದರು. 1971ನೆಯ ಇಸವಿಯ ಜನವರಿಯಲ್ಲಿ ಪ್ರಾಂತದ ಅಧಿಪತಿಯೂ, ಆ ಪ್ರಾಂತದಿಂದ ಆರಿಸಿಹೋದ ಶಾಸನಸಭೆಯ ಸದಸ್ಯರೂ, ಅಲ್ಲಿಯ ಸಂಘಸಂಸ್ಥೆಗಳ ಪ್ರತಿನಿಧಿಗಳೂ ಕೂಡಿ ಒಂದು ಬಿನ್ನವತ್ತಳೆಗೆ ಸಹಿ ಹಾಕಿ, ಈ ಮಾರಿಯಿಂದ ತಮ್ಮ ಜನರನ್ನು ಉಳಿಸಲು ನೆರವಾಗಬೇಕೆಂದು ಸರ್ಕಾರವನ್ನು ಬೇಡಿಕೊಂಡರು. ಜನರೇ ಮೊದಲು ಎದ್ದು ಕೇಳಿದ್ದು ಈ ಕಥೆಯ ಅತ್ಯಂತ ಮಹತ್ವದ ಅಂಶವಾಗಿದೆ. ಪ್ರಶ್ನೆಯು ಅವರದಾದ್ದರಿಂದಲೇ ಉತ್ತರವನ್ನೂ ಅವರು ತಮ್ಮದೆಂದು ಸ್ವೀಕರಿಸಿದರು.

1972ರಲ್ಲಿ ಕಾರ್ಯವು ಆರಂಭವಾಯಿತು. ಅದರ ನಾಯಕತ್ವವು ಪೆಕ್ಕಾ ಪುಸ್ಕಾ ಎಂಬ 27 ವರ್ಷದ ವೈದ್ಯನ ಪಾಲಿಗೆ ಬಂದಿತು. ಅವನ ಬಳಿ ದೊಡ್ಡ ಆಸ್ಪತ್ರೆಗಳಾಗಲಿ ಅದ್ಭುತವಾದ ಔಷಧಗಳಾಗಲಿ ಇರಲಿಲ್ಲ. ಆದರೆ ಒಂದು ವಿಚಾರವು ಸ್ಪಷ್ಟವಾಗಿತ್ತು. ಊರಿಗೆ ಊರೇ ಬೆಣ್ಣೆಯನ್ನೂ ಉಪ್ಪನ್ನೂ ಹೊಗೆಯನ್ನೂ ರೂಢಿ ಮಾಡಿಕೊಂಡಿರುವಾಗ, ಒಬ್ಬೊಬ್ಬ ರೋಗಿಯನ್ನು ಕರೆದು ಉಪದೇಶ ಮಾಡಿ ಕಳುಹಿಸಿದರೆ ಫಲವಿಲ್ಲ. ಉಪದೇಶ ಕೇಳಿ ಮನೆಗೆ ಹೋದವನು ಅದೇ ತಾಟಿನ ಮುಂದೆ ಕುಳಿತುಕೊಳ್ಳಬೇಕು, ಅದೇ ಗೆಳೆಯರ ನಡುವೆ ನಿಲ್ಲಬೇಕು. ಆದುದರಿಂದ ಚಿಕಿತ್ಸೆಯು ಊರಿಗೇ ಆಗತಕ್ಕದ್ದು.

ಅವರು ಮೊದಲು ಅಡಿಗೆಮನೆಯನ್ನು ಹೊಕ್ಕರು. ಆ ದೇಶದಲ್ಲಿ ಮಾರ್ತಾ ಎಂಬ ಹೆಸರಿನ ಗೃಹಿಣಿಯರ ಸಂಘವು ಹಿಂದಿನಿಂದಲೂ ಹಳ್ಳಿಹಳ್ಳಿಗೆ ಹಬ್ಬಿಕೊಂಡಿತ್ತು. ಗಂಡಂದಿರನ್ನೂ ತಂದೆಯರನ್ನೂ ಹೃದಯರೋಗಕ್ಕೆ ಒಪ್ಪಿಸಿದ ಮನೆಗಳು ಅಲ್ಲಿ ವಿರಳವಾಗಿರಲಿಲ್ಲ. ಆದಕಾರಣ ಈ ತಾಯಂದಿರಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಅವರು "ದೀರ್ಘಾಯುಷ್ಯದ ಸಂಜೆ"ಗಳೆಂಬ ಕೂಟಗಳನ್ನು ನೆರವಿಸಿದರು. ಅಲ್ಲಿ ಸ್ವಲ್ಪ ಹೊತ್ತು ವೈದ್ಯರ ಮಾತು, ಬಳಿಕ ಎಲ್ಲರೂ ಕೂಡಿ ಊಟ. ಊರಿನ ಹಳೆಯ ಮಾಂಸದ ಅಡಿಗೆಯನ್ನೇ ಕೊಬ್ಬು ಕಡಿಮೆ ಮಾಡಿ, ಉಪ್ಪು ಇಳಿಸಿ, ಗಡ್ಡೆ ತರಕಾರಿಗಳನ್ನು ಬೆರೆಸಿ ಬಡಿಸಿದರು. ಹಳೆಯ ಅಡಿಗೆಯು ಹೆಸರಿನಲ್ಲಿಯೂ ರುಚಿಯಲ್ಲಿಯೂ ಉಳಿಯಿತು. ಅದರೊಳಗಿನ ಅಪಾಯವು ಮಾತ್ರ ಇಳಿಯಿತು.

ಎರಡನೆಯದಾಗಿ, ಪ್ರತಿಯೊಂದು ಹಳ್ಳಿಯಲ್ಲಿ ಜನರು ಮನ್ನಿಸುವ ಸಾಮಾನ್ಯ ಗೃಹಸ್ಥರನ್ನೂ ಗೃಹಿಣಿಯರನ್ನೂ ಹುಡುಕಿ ತೆಗೆದು ಅವರಿಗೆ ತಿಳಿವಳಿಕೆ ಕೊಟ್ಟರು. ಇಂಥವರು ನೂರಾರು ಜನರಾದರು. ಅಂಗಡಿಯ ಮುಂದೆ, ಸಭೆಯಲ್ಲಿ, ನೆರೆಮನೆಯ ಅಂಗಳದಲ್ಲಿ ಅವರು ಆಡಿದ ಮಾತು ದೂರದ ಪಂಡಿತನ ಭಾಷಣಕ್ಕಿಂತ ಬೇಗ ನಾಟಿತು. ಮೂರನೆಯದಾಗಿ, ಹಳ್ಳಿಯ ದಾದಿಯರು ರಕ್ತದ ಒತ್ತಡವನ್ನು ಅಳೆದು, ಹೆಚ್ಚಿದ್ದವರ ಹೆಸರನ್ನು ಬರೆದಿಟ್ಟುಕೊಂಡು, ಔಷಧವನ್ನು ಅವರು ಬಿಡದಂತೆ ನೋಡಿಕೊಂಡರು.

ವಿಘ್ನಗಳು ಬಾರದೆ ಇರಲಿಲ್ಲ. ಹೈನುಗಾರರ ನಾಡಿನಲ್ಲಿ ಬೆಣ್ಣೆಯನ್ನು ಕಡಿಮೆ ಮಾಡಿರೆಂದರೆ ಅದು ಅವರ ಅನ್ನಕ್ಕೇ ಕೈಹಾಕಿದಂತೆ. ಬೆಣ್ಣೆಯ ವ್ಯಾಪಾರಿಗಳು ಪ್ರಬಲವಾಗಿ ವಿರೋಧಿಸಿದರು. ರೈತನ ಆರೋಗ್ಯಕ್ಕಾಗಿ ರೈತನ ಹೊಟ್ಟೆಯ ಮೇಲೆ ಹೊಡೆಯುವದು ಧರ್ಮವಲ್ಲವೆಂದು ಕಾರ್ಯಕರ್ತರು ಅರಿತುಕೊಂಡರು. ಆ ಸೀಮೆಯ ಕಾಡಿನಲ್ಲಿ ಸಹಜವಾಗಿ ಬೆಳೆಯುವ ಹುಳಿಸಿಹಿ ಹಣ್ಣುಗಳ ಕೃಷಿಯನ್ನು 1985ರ ಸುಮಾರಿನಿಂದ ಹೈನುಗಾರರಿಗೆ ಬದಲು ಕಸಬಾಗಿ ತೋರಿಸಲಾಯಿತು. ಆ ಚಳಿಯ ಹವೆಗೆ ಒಗ್ಗುವ ಸಾಸಿವೆಯ ಜಾತಿಯ ಎಣ್ಣೆಕಾಳಿನ ಬೆಳೆಯು ಬಂದು, ಬೆಣ್ಣೆಯ ಸ್ಥಾನವನ್ನು ದೇಶದ್ದೇ ಆದ ಎಣ್ಣೆಯು ಹಿಡಿಯಿತು. ಕೊಲೆಸ್ಟರಾಲನ್ನು ಯಾವ ಹಳ್ಳಿಯು ಹೆಚ್ಚು ಇಳಿಸುವದೆಂದು ಹಳ್ಳಿಗಳ ನಡುವೆ ಪಂದ್ಯಗಳೂ ನಡೆದವು.

ಫಲವನ್ನು ಅಂಕೆಗಳಲ್ಲಿಯೇ ನೋಡಬಹುದು. ಐದೈದು ವರ್ಷಕ್ಕೊಮ್ಮೆ ಜನರನ್ನು ಪರೀಕ್ಷಿಸುವ ಪದ್ಧತಿಯನ್ನು ಅವರು ಇಟ್ಟುಕೊಂಡಿದ್ದರು. 1972ರಲ್ಲಿ 100 ಗಂಡಸರಲ್ಲಿ 52 ಜನರು ಧೂಮಪಾನಿಗಳಾಗಿದ್ದರು. 2007ರಲ್ಲಿ 31 ಜನರು ಮಾತ್ರ. ಗಂಡಸರ ಸರಾಸರಿ ರಕ್ತದ ಒತ್ತಡವು 149 ಮತ್ತು 92 ಇದ್ದದ್ದು 138 ಮತ್ತು 83ಕ್ಕೆ ಇಳಿಯಿತು. ಕೊಲೆಸ್ಟರಾಲು ಐದನೆಯ ಒಂದು ಪಾಲಿನಷ್ಟು ಕಡಿಮೆಯಾಯಿತು. ದುಡಿಯುವ ವಯಸ್ಸಿನ ಗಂಡಸರಲ್ಲಿ ಕಿರೀಟಧಮನಿಯ ರೋಗದಿಂದಾಗುವ ಮರಣವು ಲಕ್ಷಕ್ಕೆ 670ರ ಸಮೀಪದಲ್ಲಿದ್ದದ್ದು 2006ರ ಹೊತ್ತಿಗೆ 100ರ ಸಮೀಪಕ್ಕೆ ಬಂದಿತು. ಎಂದರೆ ನೂರಕ್ಕೆ 85ರಷ್ಟು ಇಳಿಯಿತು.

ಸತ್ಯದ ದೃಷ್ಟಿಯಿಂದ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಕಾಲಕ್ರಮದಲ್ಲಿ ಫಿನ್‌ಲೆಂಡಿನ ಇತರ ಪ್ರಾಂತಗಳಲ್ಲಿಯೂ ಈ ಮರಣಗಳು ಇಳಿದವು. ಹೊಸ ಔಷಧಗಳೂ ಶಸ್ತ್ರಚಿಕಿತ್ಸೆಗಳೂ ಬಂದವು. ಆದುದರಿಂದ ಎಲ್ಲ ಕೀರ್ತಿಯನ್ನೂ ಒಂದೇ ಕಾರ್ಯಕ್ಕೆ ಕೊಡುವದು ಸರಿಯಲ್ಲವೆಂದು ಆಕ್ಷೇಪಿಸಿದ ವಿದ್ವಾಂಸರುಂಟು. ಆದರೂ 1982ರಿಂದ 1997ರ ವರೆಗೆ ಆ ದೇಶದಲ್ಲಿ ಕಡಿಮೆಯಾದ ಹೃದಯಮರಣಗಳನ್ನು ಲೆಕ್ಕಹಾಕಿದಾಗ, ಅರ್ಧಕ್ಕಿಂತ ಹೆಚ್ಚಿನ ಪಾಲು ಔಷಧದಿಂದಲ್ಲ, ಕೊಲೆಸ್ಟರಾಲು ಹೊಗೆ ರಕ್ತದ ಒತ್ತಡಗಳು ಇಳಿದದ್ದರಿಂದ ಎಂದೇ ತೋರಿಬಂದಿತು. ಜನರ ತಾಟು ಬದಲಾದದ್ದರಿಂದ ಜನರ ಆಯುಷ್ಯವು ಬದಲಾಯಿತೆಂಬ ಮಾತಿಗೆ ಈ ಆಕ್ಷೇಪದಿಂದ ಬಾಧೆಯಿಲ್ಲ.

ಇನ್ನು ಈ ಕಥೆಯ ಬೆಳಕನ್ನು ಕನ್ನಡನಾಡಿನ ಹಳ್ಳಿಯ ಮೇಲೆ ಹಿಡಿದು ನೋಡತಕ್ಕದ್ದು. ಕರೇಲಿಯಾದ ಹಿಮವೆಲ್ಲಿ, ಬಯಲುಸೀಮೆಯ ಬಿಸಿಲೆಲ್ಲಿ! ರೋಗದ ಮೂಲಗಳು ಮಾತ್ರ ಬೇರೆಯಲ್ಲ. ದಕ್ಷಿಣ ಏಶಿಯಾದ ಜನರಿಗೆ ಮೊದಲನೆಯ ಹೃದಯಾಘಾತವು ಸರಾಸರಿ 53ನೆಯ ವಯಸ್ಸಿನಲ್ಲಿಯೇ ಆಗುವದೆಂದೂ, ಇತರ ದೇಶಗಳವರಿಗೆ 59ರ ಸುಮಾರಿಗೆ ಆಗುವದೆಂದೂ 2007ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೋಧನೆಯು ತೋರಿಸಿತು. ಆರು ವರ್ಷ ಮುಂಚಿತವಾಗಿ ಎಂದರೆ, ಮಕ್ಕಳ ಮದುವೆಯಾಗುವ ಮೊದಲು, ಸಾಲ ತೀರುವ ಮೊದಲು ಎಂದೇ ಅರ್ಥ.

2014ರಲ್ಲಿ ಪ್ರಕಟವಾದ ಇನ್ನೊಂದು ಪರಿಶೋಧನೆಯು ಇದಕ್ಕಿಂತಲೂ ಮನನೀಯವಾದದ್ದು. ಭಾರತವೂ ಸೇರಿದಂತೆ 17 ದೇಶಗಳ 628 ಪಟ್ಟಣ ಮತ್ತು ಹಳ್ಳಿಗಳ ಬಡಾವಣೆಗಳಲ್ಲಿ 1,56,000ಕ್ಕೂ ಮಿಕ್ಕ ವಯಸ್ಕರನ್ನು ಅದರಲ್ಲಿ ವರ್ಷಗಟ್ಟಲೆ ಅನುಸರಿಸಿ ನೋಡಲಾಯಿತು. ಶ್ರೀಮಂತ ದೇಶದವರಲ್ಲಿ ರೋಗದ ಕಾರಣಗಳು ಹೆಚ್ಚು, ಮರಣವು ಕಡಿಮೆ. ಬಡ ದೇಶದವರಲ್ಲಿ ಕಾರಣಗಳು ಕಡಿಮೆ, ಮರಣವು ಹೆಚ್ಚು ಎಂಬ ವಿಪರೀತವು ಅದರಿಂದ ಹೊರಬಿದ್ದಿತು. ಬಡವನ ಹೃದಯವು ದುರ್ಬಲವಾದದ್ದಲ್ಲ. ಅವನ ರಕ್ತದ ಒತ್ತಡವನ್ನು ಯಾರೂ ಅಳೆಯಲಿಲ್ಲ; ಅಳೆದರೂ ಗುಳಿಗೆಯು ತಿಂಗಳಾಚೆಗೆ ಸಾಗಲಿಲ್ಲ; ಎದೆನೋವು ಬಂದಾಗ ಆಸ್ಪತ್ರೆಯು ದೂರವಾಯಿತು. ಇದೇ ವ್ಯತ್ಯಾಸಕ್ಕೆ ಕಾರಣವು.

ಹಳ್ಳಿಯ ಮನೆಯನ್ನೇ ಹೊಕ್ಕು ನೋಡಿದರೆ ಮೊದಲು ಕಣ್ಣಿಗೆ ಬೀಳುವದು ಎಲೆಅಡಿಕೆಯ ಚಂಚಿ. ಭಾರತ ಸರ್ಕಾರವು 2016-17ರಲ್ಲಿ ನಡೆಸಿದ ಗಣನೆಯ ಪ್ರಕಾರ ಕರ್ನಾಟಕದ 100 ವಯಸ್ಕರಲ್ಲಿ ಸುಮಾರು 23 ಜನರು ಒಂದಿಲ್ಲೊಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು. ಬೀಡಿಯ ಹೊಗೆಯು ಕಿರೀಟಧಮನಿಗೆ ವಿಷವೆಂಬದನ್ನು ಜನರು ಹೇಗೋ ಒಪ್ಪುತ್ತಾರೆ. ಜಗಿಯುವ ಹೊಗೆಸೊಪ್ಪು, ಹಲ್ಲಿಗೆ ತಿಕ್ಕುವ ತಂಬಾಕಿನ ಪುಡಿ, ಗುಟಕಾ ಇವು ಬಾಯಿಗೆ ಮಾತ್ರ ಕೆಡಕೆಂದು ತಿಳಿಯುವವರು ಬಹಳ. ತಂಬಾಕಿನ ಸತ್ವವು ಬಾಯಿಯ ಪೊರೆಯಿಂದಲೂ ರಕ್ತಕ್ಕೆ ಇಳಿದು ನಾಡಿಯನ್ನು ತ್ವರೆಗೊಳಿಸಿ ರಕ್ತದ ಒತ್ತಡವನ್ನು ಏರಿಸುತ್ತದೆ. ಅತಿಥಿಯು ಬಂದೊಡನೆ ತಂಬಾಕಿನ ಚಂಚಿಯನ್ನು ಮುಂದಿಡುವದು ಸತ್ಕಾರವೆಂದು ಎಣಿಸುವ ರೂಢಿಯು ನಿಂತ ಹೊರತು, ಒಬ್ಬೊಬ್ಬನು ಪ್ರತಿಜ್ಞೆ ಮಾಡುವದರಿಂದ ತಂಬಾಕು ಬಿಡಲಾರದು.

ಎರಡನೆಯದು ಉಪ್ಪು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲವೆಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ತಾಯಿಯ ಮಾತನ್ನು ಹಾಗೆಯೇ ಉಳಿಸಿಕೊಂಡು ಉಪ್ಪಿನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುವ ಕಾಲವು ಬಂದಿದೆ. ವಯಸ್ಕನಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಒಂದು ಸಣ್ಣ ಚಮಚೆಯಷ್ಟು ಉಪ್ಪು ಸಾಕೆಂದು ಜಾಗತಿಕ ಆರೋಗ್ಯ ಸಂಸ್ಥೆಯು ವಿಧಿಸಿದೆ. ಲೋಕದ ಜನರು ಸರಾಸರಿಯಾಗಿ ಇದರ ಇಮ್ಮಡಿಯನ್ನು ತಿನ್ನುತ್ತಿದ್ದಾರೆ. ಹಳ್ಳಿಯ ಊಟದಲ್ಲಿ ಉಪ್ಪು ಸಾರಿನಿಂದ ಮಾತ್ರ ಬರುವದಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿ, ಮಜ್ಜಿಗೆ ಎಲ್ಲದರಲ್ಲಿಯೂ ಅದು ಅಡಗಿರುತ್ತದೆ. ಇಷ್ಟೂ ಸಾಲದೆಂಬಂತೆ ತಾಟಿನ ತುದಿಗೆ ಒಂದು ಚಿಟಿಕೆ ಬಿಳಿಯುಪ್ಪನ್ನು ಬಡಿಸುವದು ಮರ್ಯಾದೆಯಾಗಿದೆ. ಒಮ್ಮೆಲೇ ಬಿಟ್ಟರೆ ನಾಲಿಗೆಯು ಮುನಿಯುತ್ತದೆ; ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬಂದರೆ ಕೆಲವು ವಾರಗಳಲ್ಲಿ ಅದಕ್ಕೆ ಕಡಿಮೆ ಉಪ್ಪೇ ರೂಢಿಯಾಗುತ್ತದೆ.

ಮೂರನೆಯದು ಎಣ್ಣೆ. ಸಂತೆಯಲ್ಲಿ, ಬಸ್ಸಿನ ನಿಲ್ದಾಣದಲ್ಲಿ, ಜಾತ್ರೆಯ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯ ವರೆಗೆ ಒಂದೇ ಬಾಣಲೆಯ ಎಣ್ಣೆಯು ಕಪ್ಪಾಗುವ ತನಕ ಕುದಿಯುತ್ತದೆ. ಮಿರ್ಚಿ ಭಜಿಯು ಅದರಲ್ಲಿಯೇ ಬೇಯುತ್ತದೆ. ಹೀಗೆ ಮತ್ತೆ ಮತ್ತೆ ಕಾಯಿಸಿದ ಎಣ್ಣೆಯು ಹೃದಯಕ್ಕೆ ಹಿತವಲ್ಲ. ವನಸ್ಪತಿಯೆಂಬ ಗಟ್ಟಿ ಮಾಡಿದ ಕೃತಕ ತುಪ್ಪವೂ ಹಾಗೆಯೇ. ಹಬ್ಬದ ಹೋಳಿಗೆಯ ಮೇಲೆ ಒಂದು ಚಮಚೆ ತುಪ್ಪವು ಬಿದ್ದರೆ ಯಾರೂ ಸಾಯುವದಿಲ್ಲ. ನಿತ್ಯವೂ ಹಬ್ಬವಾದರೆ ಮಾತ್ರ ಭಯ. ಕರೇಲಿಯಾದ ಜನರಿಗೆ ಆದ ಕೇಡು ಕೂಡ ಇದೇ. ಹಬ್ಬದೂಟವು ದಿನದೂಟವಾದದ್ದೇ ಅವರಿಗೆ ಮುಳುವಾಯಿತು.

ಆದರೆ ಕನ್ನಡನಾಡಿನ ಹಳ್ಳಿಗೆ ಒಂದು ಭಾಗ್ಯವುಂಟು, ಅದು ಕರೇಲಿಯಾಕ್ಕೆ ಇರಲಿಲ್ಲ. ಅಲ್ಲಿಯ ಜನರು ಹೃದಯವನ್ನು ಉಳಿಸಿಕೊಳ್ಳಲು ತಮ್ಮ ತಾಟನ್ನೇ ಬದಲಿಸಬೇಕಾಯಿತು. ಇಲ್ಲಿಯ ಜನರು ತಮ್ಮ ಹಿರಿಯರ ತಾಟನ್ನು ಕಳೆದುಕೊಳ್ಳದಿದ್ದರೆ ಬಹುಮಟ್ಟಿಗೆ ಸಾಕು. ಜೋಳದ ರೊಟ್ಟಿ, ರಾಗಿಯ ಮುದ್ದೆ, ನವಣೆಯ ಅನ್ನ, ಹೆಸರು ಮಡಿಕೆ ಹುರುಳಿಗಳ ಕಾಳುಪಲ್ಯ, ಮೆಂತೆ ಪುಂಡಿ ರಾಜಗಿರಿ ಸೊಪ್ಪುಗಳು, ಅಗಸಿ ಗುರೆಳ್ಳುಗಳ ಹಿಂಡಿ, ನೀರುಮಜ್ಜಿಗೆ ಇವು ಹೃದಯಕ್ಕೆ ಒಪ್ಪುವ ಆಹಾರಗಳು, ಉಪ್ಪೊಂದು ಹಿಡಿತದಲ್ಲಿರಬೇಕು. ಇವುಗಳನ್ನು ಬಡವರ ಊಟವೆಂದು ತಳ್ಳಿ, ಬಿಳಿಯ ಅಕ್ಕಿ, ಮೈದೆಯ ತಿನಿಸು, ಸಕ್ಕರೆ ತುಂಬಿದ ಚಹ, ಪೊಟ್ಟಣದ ಕುರುಕಲು ತಿಂಡಿ ಇವುಗಳನ್ನು ಅಂತಸ್ತಿನ ಗುರುತೆಂದು ಹಳ್ಳಿಯು ಮನೆಗೆ ಕರೆದುಕೊಳ್ಳುತ್ತಲಿದೆ. ಇತ್ತ ಟ್ರಾಕ್ಟರು ಮೋಟರುಸೈಕಲ್ಲುಗಳು ಬಂದು ನಡಿಗೆಯೂ ದುಡಿಮೆಯೂ ಕಡಿಮೆಯಾಗಿವೆ. ಅತ್ತ ಊಟವು ಭಾರವಾಗಿದೆ. 2023ರಲ್ಲಿ ಪ್ರಕಟವಾದ ಅಖಿಲ ಭಾರತದ ಪರಿಶೋಧನೆಯೊಂದರ ಪ್ರಕಾರ 100 ವಯಸ್ಕರಲ್ಲಿ ಸುಮಾರು 35 ಜನರಿಗೆ ರಕ್ತದ ಒತ್ತಡವೂ, 11 ಜನರಿಗೆ ಮಧುಮೇಹವೂ ಇವೆ. ಹಳ್ಳಿಯು ಇದರಿಂದ ಹೊರತಾಗಿಲ್ಲ.

ಕೊನೆಯದಾಗಿ ವಿಳಂಬದ ಮಾತು. ಎದೆಯ ನಡುವೆ ಕಲ್ಲು ಹೇರಿದಂಥ ನೋವು, ಅದು ಎಡದೋಳಿಗೆ ಕತ್ತಿಗೆ ದವಡೆಗೆ ಹಬ್ಬುವದು, ತಣ್ಣನೆಯ ಬೆವರು, ಉಸಿರಿನ ಕಟ್ಟು ಇವು ಹೃದಯಾಘಾತದ ಲಕ್ಷಣಗಳು. ಸ್ತ್ರೀಯರಲ್ಲಿಯೂ ಮಧುಮೇಹಿಗಳಲ್ಲಿಯೂ ನೋವು ಸ್ಪಷ್ಟವಾಗಿರದೆ ಬರಿಯ ಆಯಾಸ, ವಾಕರಿಕೆ, ಏದುಸಿರು ಇವೇ ತೋರಬಹುದು. ಹಳ್ಳಿಯಲ್ಲಿ ಇದನ್ನು ವಾಯುವೆಂದು ತಿಳಿದು, ಸೋಡಾ ಕುಡಿಸಿ, ಓಮ ಜಗಿಸಿ, ಎದೆಗೆ ಎಣ್ಣೆ ತಿಕ್ಕಿ, ಬೆಳಗಾಗಲಿ ನೋಡೋಣವೆಂದು ಮಲಗಿಸುತ್ತಾರೆ. ಬೆಳಗಾಗುವದರೊಳಗೆ ಹೃದಯದ ಮಾಂಸವು ಸತ್ತಿರುತ್ತದೆ. ಹೆಪ್ಪನ್ನು ಕರಗಿಸುವ ಸೂಜಿಮದ್ದು ಮೊದಲನೆಯ ಗಳಿಗೆಗಳಲ್ಲಿ ಬಿದ್ದರೆ ಜೀವವುಳಿಯುವ ಸಂಭವವು ಹೆಚ್ಚು. ಹೊತ್ತು ಕಳೆದಂತೆ ಅದರ ಬಲವು ಕುಂದುತ್ತದೆ. 2023ರಲ್ಲಿ ಕರ್ನಾಟಕ ಸರ್ಕಾರವು ಆರಂಭಿಸಿದ ಹೃದಯಜ್ಯೋತಿ ಯೋಜನೆಯ ಪ್ರಕಾರ, ಗೊತ್ತುಪಡಿಸಿದ ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಹೃದಯದ ರೇಖಾಪಟವನ್ನು ತೆಗೆದು ದೂರದ ತಜ್ಞರಿಗೆ ಕಳುಹಿಸಿ, ಅವರ ಸಲಹೆಯಂತೆ ಈ ಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಾಯಿತು. ಆದರೆ ಆಸ್ಪತ್ರೆಯಲ್ಲಿ ಮದ್ದಿದ್ದು ಮನೆಯಲ್ಲಿ ಅರಿವಿಲ್ಲದಿದ್ದರೆ ಪ್ರಯೋಜನವೇನು? 108 ಎಂಬ ಅಂಕೆಯು ಮನೆಯ ಚಿಕ್ಕ ಮಗುವಿನ ಬಾಯಲ್ಲಿಯೂ ಇರತಕ್ಕದ್ದು.

ಹಾಗಾದರೆ ಊರು ಏನು ಮಾಡಬಹುದು? ಮೂವತ್ತು ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೋಳಿಗೆ ಪಟ್ಟಿ ಕಟ್ಟಿಸಿಕೊಳ್ಳಬಹುದು. ಒತ್ತಡವು ಹೆಚ್ಚಿದ್ದವನು ಗುಳಿಗೆಯನ್ನು ತಪ್ಪದೆ ನುಂಗಬಹುದು. "ಮೈ ನೆಟ್ಟಗಿದೆ, ಗುಳಿಗೆಯೇಕೆ" ಎನ್ನುವವನು, ಗುಳಿಗೆಯಿಂದಲೇ ಮೈ ನೆಟ್ಟಗಿರುವದೆಂಬದನ್ನು ಮರೆತವನು. ಸ್ತ್ರೀಯರ ಸ್ವಸಹಾಯ ಸಂಘಗಳು ಕರೇಲಿಯಾದ ಮಾರ್ತಾ ಸಂಘದ ತಾಯಂದಿರಂತೆ ತಿಂಗಳಿಗೊಂದು ಸಂಜೆ ಕೂಡಿ, ಅದೇ ಅಡಿಗೆಯನ್ನು ಅರ್ಧ ಉಪ್ಪಿನಲ್ಲಿ ರುಚಿಯಾಗಿ ಮಾಡಿ ತೋರಿಸಬಹುದು. ಆಶಾ ಕಾರ್ಯಕರ್ತೆಯು ಮನೆಗೆ ಬಂದಾಗ ಗಂಡಸರು ಹಿತ್ತಲಿನ ಬಾಗಿಲಿನಿಂದ ಜಾರಿಕೊಳ್ಳದೆ ಎದುರಿಗೆ ಕುಳಿತು ಅವಳ ಮಾತನ್ನು ಕೇಳಬಹುದು. ಇವುಗಳಿಗೆ ಹಣವು ಬಹಳ ಬೇಡ; ಊರಿನ ಒಮ್ಮನಸ್ಸು ಬೇಕು.

ಈ ಒಮ್ಮನಸ್ಸನ್ನು ಕೂಡಿಸುವ ಕಾರ್ಯದಲ್ಲಿ ಮಠಗಳಿಗೂ ಒಂದು ಸಹಜವಾದ ಸ್ಥಾನವಿದೆ. ದಾಸೋಹದ ಪಂಕ್ತಿಯಲ್ಲಿ ಒಂದೇ ದಿನ ಸಾವಿರಾರು ಜನರು ಉಣ್ಣುತ್ತಾರೆ; ಪ್ರಸಾದನಿಲಯದ ಮಕ್ಕಳ ನಾಲಿಗೆಯು ಅಲ್ಲಿಯ ಅಡಿಗೆಯ ರುಚಿಯನ್ನೇ ಜನ್ಮಪರ್ಯಂತ ಹುಡುಕುತ್ತದೆ. ಆ ಹಂಡೆಗೆ ಬೀಳುವ ಉಪ್ಪಿನಲ್ಲಿ ಒಂದು ಹಿಡಿಯನ್ನು ಕಡಿಮೆ ಮಾಡಿದರೆ ಒಂದು ಸೀಮೆಯ ನಾಲಿಗೆಯನ್ನೇ ತಿದ್ದಿದಂತಾಗುವದು. ಜಾತ್ರೆಯ ಬಯಲಿನಲ್ಲಿ ತಂಬಾಕಿನ ಅಂಗಡಿಯಿದ್ದ ಸ್ಥಳದಲ್ಲಿ ರಕ್ತದ ಒತ್ತಡವನ್ನು ಅಳೆಯುವ ಒಂದು ಮೇಜನ್ನು ಹಾಕಿದರೆ, ತೇರನ್ನೆಳೆಯಲು ಬಂದವನು ತನ್ನ ಎದೆಯ ಸುದ್ದಿಯನ್ನೂ ತಿಳಿದುಕೊಂಡು ಮನೆಗೆ ಹೋಗುವನು. ವೈದ್ಯನು ಹೇಳಿದರೆ ನಾಳೆಯೆನ್ನುವವನು ಗುರುಗಳು ಹೇಳಿದರೆ ಇಂದೇ ಚಂಚಿಯನ್ನು ಬಿಸಾಡಿಯಾನು.

ತೇರಿನ ದೃಷ್ಟಾಂತವೇ ಇಲ್ಲಿ ಒಪ್ಪುವದು. ಎಷ್ಟೇ ಬಲಶಾಲಿಯಾದರೂ ಒಬ್ಬನಿಂದ ತೇರು ಕದಲುವದಿಲ್ಲ. ಊರೆಲ್ಲ ಮಿಣಿಗೆ ಕೈಹಾಕಿದಾಗ ಅದು ತಾನಾಗಿ ಹೊರಟಂತೆ ಹೊರಡುತ್ತದೆ. ಕರೇಲಿಯಾದ ಹಳ್ಳಿಗರು ಮೂವತ್ತೈದು ವರ್ಷಗಳಲ್ಲಿ ಎಳೆದದ್ದು ಇಂಥ ತೇರನ್ನೇ. ಸಾಯುವದೇ ತಮ್ಮ ಹಣೆಯಲ್ಲಿ ಬರೆದಿದೆಯೆಂದು ಅವರು ಕೈಕಟ್ಟಿ ಕುಳಿತಿದ್ದರೆ, ಇಂದು ಅಜ್ಜಂದಿರಾಗಿ ಮೊಮ್ಮಕ್ಕಳ ಕೈಹಿಡಿದು ನಡೆಯುವ ಎಷ್ಟೋ ಗಂಡಸರು ಯಾವಾಗಲೋ ಮಣ್ಣಾಗಿರುತ್ತಿದ್ದರು. ಅನ್ನದ ಋಣವು ತೀರುವ ದಿನವು ಎಲ್ಲರಿಗೂ ಬರುವದು; ಅದನ್ನು ಯಾವ ವೈದ್ಯನೂ ತಡೆಯಲಾರನು. ಆದರೆ ಇನ್ನೂ ತೀರದ ಋಣವನ್ನು ಉಪ್ಪಿನ ಹಿಡಿಗೂ ತಂಬಾಕಿನ ಚಂಚಿಗೂ ಒಪ್ಪಿಸಿ, ಅದಕ್ಕೆ ವಿಧಿಯೆಂದು ಹೆಸರಿಡುವದು ನ್ಯಾಯವಲ್ಲ.

ಈ ಮಹೋತ್ಸವಕ್ಕೆ ನೆರೆದ ಪ್ರತಿಯೊಬ್ಬ ಗೃಹಸ್ಥನೂ, ಪ್ರತಿಯೊಬ್ಬ ಗೃಹಿಣಿಯೂ ಮುಂದಿನ ಮಹೋತ್ಸವವನ್ನು ಕಣ್ಣಾರೆ ಕಾಣುವಂತಾಗಲಿ. ದುಡಿಯುವ ಎದೆಗಳು ದುಡಿಯುತ್ತಲೇ ಹಣ್ಣಾಗಲಿ.